ಸೀಮಂತಕ್ಕೆ ಊರಿಗೆ ಹೊರಟಿರಾ? ವಾಪಸ್ ಬರುವ ದಿನದ ಲೆಕ್ಕ ಹಾಕಿ

ರಜೆ ಹತ್ತಿರ ಬಂತೆಂದರೆ ನಮ್ಮ ಕೂಟದ ಮನೆಗಳಲ್ಲಿ ಊರಿನ ಟಿಕೆಟ್ಟಿನದೇ ಮಾತು. ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಮಾತು ಇನ್ನೂ ಜೋರು. "ಏಳನೇ ತಿಂಗಳಿಗೆ ಸೀಮಂತ ಇಟ್ಟುಕೊಳ್ಳೋಣ, ನಾಲ್ಕು ವಾರ ಇದ್ದು ಹೋಗಲಿ" ಎಂದು ಆ ಕಡೆಯಿಂದ ಫೋನ್. ಇಷ್ಟು ದೂರ ವಿಮಾನದಲ್ಲಿ ಹೋಗಬಹುದೇ? ತೊಂದರೆಯಿಲ್ಲದ ಗರ್ಭಾವಸ್ಥೆಯಲ್ಲಿ ಅಪರೂಪಕ್ಕೊಮ್ಮೆ ವಿಮಾನಯಾನ ಸುರಕ್ಷಿತ ಎಂದು ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2018ರಲ್ಲಿ ಹೇಳಿದೆ. ಯಾವಾಗ ಹೋಗಬೇಕು ಎಂಬುದೇ ಯೋಚಿಸಬೇಕಾದ ವಿಷಯ.

ಹೊರಡುವ ದಿನ ಎಷ್ಟು ವಾರ ಎಂದು ಎಲ್ಲರೂ ಎಣಿಸುತ್ತಾರೆ. ಎಣಿಸಬೇಕಾದ್ದು ವಾಪಸ್ ಬರುವ ದಿನವನ್ನು. ಏಳನೇ ತಿಂಗಳೆಂದರೆ ಸುಮಾರು 28 ವಾರ. ನಾಲ್ಕು ವಾರ ಊರಿನಲ್ಲಿದ್ದರೆ 32. ಸಾಮಾನ್ಯವಾಗಿ 28 ವಾರದ ನಂತರ ಏರ್‌ಲೈನ್‌ಗಳು ಡಾಕ್ಟರ್ ಪತ್ರ ಕೇಳುತ್ತವೆ. ಹೆಚ್ಚಿನವು 36 ವಾರದ ಮೇಲೆ ಹತ್ತಿಸಿಕೊಳ್ಳುವುದಿಲ್ಲ. ಅವಳಿ ಮಕ್ಕಳಾದರೆ ಮಿತಿ ಇನ್ನೂ ಮುಂಚೆ, ಹಲವು ಕಡೆ 32ಕ್ಕೇ. ಊರಿನಲ್ಲಿ ಜ್ವರವೋ ಬಿಪಿಯೋ ಬಂದು ಪ್ರಯಾಣ ಮುಂದೆ ಹೋದರೆ ಹೆರಿಗೆ ಅಲ್ಲೇ ಆಗಬೇಕಾದೀತು. ಆದ್ದರಿಂದ ಪ್ರಾಜೆಕ್ಟ್ ಪ್ಲಾನ್ ಮಾಡುವ ಹಾಗೆ ಕೊನೆಯ ತಾರೀಕಿನಿಂದ ಹಿಂದಕ್ಕೆ ಬನ್ನಿ, ಮಧ್ಯೆ ಎರಡು ಮೂರು ವಾರ ಬಫರ್ ಇಡಿ. ಏರ್‌ಲೈನ್ ನಿಯಮವನ್ನು ಎರಡೂ ಕಡೆಯ ಪ್ರಯಾಣಕ್ಕೆ ಓದಿ.

ನನ್ನ ಸಲಹೆ ಕೇಳಿದರೆ ಐದನೇ ತಿಂಗಳು ಒಳ್ಳೆಯದು. ಆ ಹೊತ್ತಿಗೆ ವಾಂತಿ, ಸುಸ್ತು ಹೆಚ್ಚಿನವರಿಗೆ ಕಡಿಮೆಯಾಗಿರುತ್ತದೆ. 18ರಿಂದ 22 ವಾರದೊಳಗಿನ ಸ್ಕ್ಯಾನ್ ಮುಗಿಸಿಕೊಂಡೇ ಹೊರಡಬಹುದು. ಐದನೇ ತಿಂಗಳಲ್ಲಿ ಹೂ ಮುಡಿಸುವ ಶಾಸ್ತ್ರ ನಮ್ಮಲ್ಲಿ ಇದ್ದೇ ಇದೆ. ಹಿರಿಯರೂ ಬೇಡ ಅನ್ನಲಾರರು. ಸೀಮಂತ ಏಳಕ್ಕೇ ಆಗಬೇಕೆಂದರೆ ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳಿ.

ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ ಊಟಿಯಲ್ಲೋ ಕುಳಿತ ಹಾಗೆ. ಮಗುವಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ನಮ್ಮದಕ್ಕಿಂತ ಗಟ್ಟಿಯಾಗಿ ಹಿಡಿಯುವುದರಿಂದ ಆರೋಗ್ಯವಂತ ತಾಯಿಗೆ ಚಿಂತೆಯಿಲ್ಲ. ಆದರೆ ತೀವ್ರ ರಕ್ತಹೀನತೆ, ಏರಿದ ಬಿಪಿ, ರಕ್ತಸ್ರಾವ, ಅವಧಿಗೆ ಮುನ್ನ ಹೆರಿಗೆಯ ಭಯ, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, ಇವುಗಳಲ್ಲಿ ಒಂದಿದ್ದರೂ ಡಾಕ್ಟರ್ ಒಪ್ಪದೆ ಟಿಕೆಟ್ ಬುಕ್ ಮಾಡಬೇಡಿ.

ನಿಜವಾಗಿ ಎಚ್ಚರ ಬೇಕಾದ್ದು ಕಾಲಿನ ವಿಷಯದಲ್ಲಿ. ಬಸುರಿಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕುಳಿತರೆ ಅಪಾಯ ಇನ್ನಷ್ಟು. ನಮ್ಮ ಪ್ರಯಾಣವೋ 20 ಗಂಟೆ ದಾಟುತ್ತದೆ.

* ಐಲ್ ಸೀಟ್ ತೆಗೆದುಕೊಳ್ಳಿ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕುಳಿತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ.
* ಕಂಪ್ರೆಷನ್ ಸಾಕ್ಸ್ ಬಗ್ಗೆ ಡಾಕ್ಟರನ್ನು ಕೇಳಿ, ಸರಿಯಾದ ಅಳತೆಯದನ್ನೇ ಕೊಳ್ಳಿ.
* ಸೀಟ್ ಬೆಲ್ಟ್ ಹೊಟ್ಟೆಯ ಮೇಲಲ್ಲ. ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗೆ ಸೇರಿ ಇರಲಿ.
* ಕ್ಯಾಬಿನ್ ಗಾಳಿ ಬಹಳ ಒಣ. ಆಗಾಗ ನೀರು ಕುಡಿಯಿರಿ.
* ರಕ್ತದ ಗುಂಪು, ಸ್ಕ್ಯಾನ್ ರಿಪೋರ್ಟ್, ಮಾತ್ರೆಗಳ ಪಟ್ಟಿ ಹ್ಯಾಂಡ್ ಬ್ಯಾಗಿನಲ್ಲೇ ಇರಲಿ.

ಇಳಿದ ಮೇಲೆ ಕೂಡ, ಒಂದೇ ಕಾಲು ಊದಿ ನೋಯುವುದು, ಉಸಿರುಗಟ್ಟುವುದು, ಎದೆನೋವು ಕಂಡರೆ ಜೆಟ್‌ಲ್ಯಾಗ್ ಅಂತ ಮಲಗಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಊರಿನಲ್ಲಿ ಕುದಿಸಿದ ನೀರು, ಬಿಸಿ ಊಟ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಇ ಬೇರೆಯವರಿಗೆ ಬರಿ ಕಾಮಾಲೆ, ಬಸುರಿಗೆ ಪ್ರಾಣಾಪಾಯ. ನೆಂಟರು ಎಷ್ಟೇ ಒತ್ತಾಯಿಸಿದರೂ ರಸ್ತೆ ಬದಿಯ ಪಾನಿಪುರಿ ಮುಂದಿನ ಸಲಕ್ಕಿರಲಿ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮೈತುಂಬ ಬಟ್ಟೆ, ಸೊಳ್ಳೆ ಕ್ರೀಂ ಮರೆಯಬೇಡಿ. ಇಲ್ಲಿನ ಇನ್ಶೂರೆನ್ಸ್ ಭಾರತದಲ್ಲಿ ನಡೆಯುತ್ತದೆಯೇ, ಟ್ರಾವೆಲ್ ಪಾಲಿಸಿಯಲ್ಲಿ ಹೆರಿಗೆ ಮತ್ತು ನವಜಾತ ಶಿಶುವಿನ ಖರ್ಚು ಸೇರಿದೆಯೇ ಎಂದು ಹೊರಡುವ ಮುನ್ನವೇ ಕೇಳಿಕೊಳ್ಳಿ.

ನಾನು ಡಾಕ್ಟರ್ ಅಲ್ಲ. ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ಅವರ ಮುಂದೆ ಕೂರುವಾಗ ಹೋಗುವ, ಬರುವ ಎರಡೂ ತಾರೀಕು ಕೈಯಲ್ಲಿರಲಿ. ತಾಯಿ ಮಗು ಇಬ್ಬರಿಗೂ ಶುಭ ಪ್ರಯಾಣ!