10 ಮೀಟರ್ ಆಚೆಯಿಂದ ಕಾಣುವಷ್ಟು

ರಗ್ಬಿ ಲೀಗ್‌ನಲ್ಲಿ ಚೆಂಡು ಹಿಡಿದು ಓಡುವವನನ್ನು ಕೆಡವಿದೊಡನೆ ಆಟ ಮೂರು ನಾಲ್ಕು ಸೆಕೆಂಡು ತಡೆಯುತ್ತದೆ. ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಅಷ್ಟರೊಳಗೆ ಎದುರಾಳಿಗಳು 10 ಮೀಟರ್ ಹಿಂದೆ ಸರಿದಿರಬೇಕು. ಎದುರು ನಿಲ್ಲಲು ಇಬ್ಬರಿಗಷ್ಟೇ ವಿನಾಯಿತಿ. 1990ರ ದಶಕದ ಆರಂಭದವರೆಗೆ ಈ ಅಂತರ 5 ಮೀಟರ್ ಇತ್ತು.

ಈ 10 ಮೀಟರಿಗೆ ಟೇಪು ಹಿಡಿಯುವವರಿಲ್ಲ. ರೆಫರಿ ಎಲ್ಲಿ ನಿಲ್ಲುತ್ತಾರೋ ಅದೇ ಗೆರೆ. ಮೈದಾನಕ್ಕೆ ಅಡ್ಡಲಾಗಿ 10 ಮೀಟರಿಗೊಂದು ಬಿಳಿ ಪಟ್ಟಿ ಇರುವುದರಿಂದ ಅಂದಾಜು ಸುಲಭ, ಆದರೆ ಆಟಗಾರ ಪಟ್ಟಿಯ ಮೇಲೆಯೇ ಬೀಳಬೇಕೆಂದೇನಿಲ್ಲವಲ್ಲ! ರೆಫರಿ ತಿರುಗಿ ಓಡಿದರೆ ಅಲ್ಲಿಗೆ ಬೇಗ ತಲುಪಬಹುದು, ಆಗ ಬಿದ್ದವನ ಮೇಲಿನ ಕಿತ್ತಾಟ ತಪ್ಪಿಹೋಗುತ್ತದೆ. ಹಾಗಾಗಿ ಕಣ್ಣು ಚೆಂಡಿನ ಮೇಲಿಟ್ಟು ಹಿಮ್ಮುಖವಾಗಿಯೋ ಅಡ್ಡಡ್ಡವಾಗಿಯೋ ಓಡಬೇಕು. ಪಂದ್ಯದುದ್ದಕ್ಕೂ ಇದೇ ಕೆಲಸ.

ಅಲ್ಲಿ ನಿಂತ ಮೇಲೂ ಕಾಣುವುದೆಷ್ಟು? ನಮ್ಮ ಕಣ್ಣಿಗೆ ತೀರಾ ಸ್ಪಷ್ಟವಾದ ನೋಟ ಇರುವುದು ನಡುವಿನ ಸುಮಾರು 2 ಡಿಗ್ರಿಯಷ್ಟು ಕೋನದಲ್ಲಿ ಮಾತ್ರ. 10 ಮೀಟರ್ ದೂರದಲ್ಲಿ ಅದು ಹೆಚ್ಚುಕಮ್ಮಿ 35 ಸೆಂಟಿಮೀಟರ್ ಅಗಲ. ಚೆಂಡಿನ ಮೇಲೆ ಯಾರ ಕೈ ಇದೆ ಎಂದು ನೋಡುವಾಗ, ಎಡಬಲದಲ್ಲಿ ಸಾಲುಗಟ್ಟಿದ ರಕ್ಷಕರಲ್ಲಿ ಒಬ್ಬ ಅರ್ಧ ಹೆಜ್ಜೆ ಮುಂದಿಟ್ಟರೆ ಅದು ಕಣ್ಣಂಚಿನ ಪಾಲು. ಕಣ್ಣಂಚು ಚಲನೆಯನ್ನು ಹಿಡಿಯುತ್ತದೆ, ವಿವರವನ್ನಲ್ಲ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಪಂದ್ಯಾವಳಿ ಎನ್‌ಆರ್‌ಎಲ್ 2009ರಲ್ಲಿ ಇಬ್ಬರು ರೆಫರಿಗಳನ್ನು ಇಳಿಸಿ, ಒಬ್ಬರನ್ನು ಚೆಂಡಿನ ಬಳಿ, ಇನ್ನೊಬ್ಬರನ್ನು 10 ಮೀಟರಿನಲ್ಲಿ ನಿಲ್ಲಿಸಿತು. ಕಣ್ಣಿನ ಲೆಕ್ಕದಲ್ಲಿ ಅದು ಸರಿಯಾದ ಉಪಾಯವೆಂದೇ ನನ್ನ ಅನಿಸಿಕೆ. 2020ರಲ್ಲಿ ಮತ್ತೆ ಒಬ್ಬರೇ ಆದರು.

ಎಲ್ಲಕ್ಕಿಂತ ಕಷ್ಟದ್ದು ಪಾಸ್. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಆದರೆ ಯಾವುದಕ್ಕೆ ಹೋಲಿಸಿದರೆ ಮುಂದೆ? ನಿಯಮದ ಪ್ರಕಾರ ಎಸೆದವನಿಗೆ, ನೆಲಕ್ಕಲ್ಲ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುತ್ತಿರುವವನು ಚೆಂಡನ್ನು ತನ್ನ ಹಿಂದಕ್ಕೆ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಿಟ್ಟನೆನ್ನಿ. ಅವನ ಓಟದ ವೇಗ ಚೆಂಡಿಗೂ ಅಂಟಿಕೊಂಡಿದೆ. ಓಡುವ ಬಸ್ಸಿನ ಕಿಟಕಿಯಿಂದ ಹಿಂದಕ್ಕೆ ಎಸೆದ ಕಡಲೆಕಾಯಿ ಸಿಪ್ಪೆಯೂ ಒಂದಷ್ಟು ದೂರ ಬಸ್ಸು ಹೋದ ದಿಕ್ಕಿಗೇ ಸಾಗುವ ಹಾಗೆ. ಅರ್ಧ ಸೆಕೆಂಡಿನಲ್ಲಿ ಚೆಂಡು ನೆಲದ ಮೇಲೆ ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. ಎಸೆದವನು 4 ಮೀಟರ್ ದಾಟಿರುತ್ತಾನೆ. ಚೆಂಡು ಅವನ ಹಿಂದೆಯೇ ಇದೆ, ಪಾಸ್ ಸರಿ.

ಎಸೆದ ಮರುಗಳಿಗೆಯಲ್ಲೇ ಯಾರಾದರೂ ಅವನನ್ನು ಕೆಡವಿದರೆ? ಅವನು ಅಲ್ಲೇ ಉಳಿದ, ಚೆಂಡು ಅವನನ್ನು ದಾಟಿ ಮುಂದೆ ಹೋಯಿತು. ಗ್ಯಾಲರಿಯಲ್ಲಿ ಕೂಗೋ ಕೂಗು. ಪಾಸ್ ಮಾತ್ರ ಆಗಲೂ ಸರಿಯೇ.

10 ಮೀಟರ್ ಎದುರಿಗೆ ನಿಂತ ರೆಫರಿಗೆ ಈ ಹಿಂದುಮುಂದು ತನ್ನ ನೋಟದ ನೇರಕ್ಕೇ ಬರುತ್ತದೆ. ಅಂತರ ತಿಳಿಯಲು ಅದಕ್ಕಿಂತ ಕೆಟ್ಟ ಕೋನವಿಲ್ಲ. ಪಕ್ಕದ ಗೆರೆಯ ಟಚ್ ಜಡ್ಜ್‌ಗೆ ಚೆನ್ನಾಗಿ ಕಾಣಬಹುದು, ಚೆಂಡಿನ ಸರಿಸಮಕ್ಕೆ ಓಡಿಬಂದಿದ್ದರೆ. ಅವರೂ ಚೆಂಡು ಎಲ್ಲಿ ತಲುಪಿತು ಎಂಬುದನ್ನು ಬಿಟ್ಟು, ಕೈಯಿಂದ ಹೊರಟ ದಿಕ್ಕನ್ನು ನೋಡಬೇಕು. ಟಿವಿ ಮುಂದೆ ಕೂತವರಿಗೆ ಹುಲ್ಲಿನ ಮೇಲಿನ ಬಿಳಿ ಪಟ್ಟಿಯೇ ದಾರಿ ತಪ್ಪಿಸುತ್ತದೆ, ಏಕೆಂದರೆ ಪಟ್ಟಿ ಓಡುವುದಿಲ್ಲ. ವಿಡಿಯೊ ರೆಫರಿ ಬಂದ ಮೇಲೂ ಎನ್‌ಆರ್‌ಎಲ್ ಈ ಒಂದು ತೀರ್ಪನ್ನು ಬಹುಕಾಲ ಮೈದಾನದಲ್ಲಿದ್ದವರಿಗೇ ಬಿಟ್ಟಿದ್ದಕ್ಕೆ ಇಂಥ ಕಾರಣಗಳಿದ್ದವು.