ಓಟದ ನಾಯಿಗೆ ಒಪ್ಪುವ ಪಟ್ಟು

ವೇಗ 121, ರಕ್ಷಣೆ 60. ಪೋಕೆಮಾನ್ ಆಟದಲ್ಲಿ ಬೋಲ್ಟಂಡ್ ಎಂಬ ನಾಯಿಯ ಲೆಕ್ಕ ಇದು. ಈ ಎರಡು ಅಂಕಿಗಳನ್ನು ಮುಧೋಳ, ಬೀಳಗಿ ಕಡೆ ಬೇಟೆನಾಯಿ ಸಾಕಿದವರ ಮುಂದೆ ಹೇಳಿ ನೋಡಿ. ಆಟದ ಗಂಧಗಾಳಿ ಇಲ್ಲದವರಿಗೂ ಆ ಪ್ರಾಣಿ ಎಂಥದ್ದೆಂದು ತಿಳಿಯುತ್ತದೆ. ಅದು ಓಡಿ ಹಿಡಿಯುವ ಜಾತಿ, ನಿಂತು ಏಟು ತಿನ್ನುವ ಜಾತಿಯಲ್ಲ.

ಮಕ್ಕಳ ಆಟವೆಂದು ತಳ್ಳಿಹಾಕುವ ಮುನ್ನ ಅದರ ಒಳಗಿನ ವಿಚಾರವನ್ನು ಸ್ವಲ್ಪ ನೋಡಬೇಕು. ಜಪಾನಿನ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದವರು. ಆ ಹುಚ್ಚಿನಿಂದಲೇ 1996ರಲ್ಲಿ ಪೋಕೆಮಾನ್ ಹುಟ್ಟಿತು. ಮೊದಲ ಆಟದಲ್ಲಿ 151 ಜೀವಿಗಳು, 15 ವರ್ಗಗಳು. ಈಗ ವರ್ಗಗಳು 18, ಜೀವಿಗಳು ಸಾವಿರ ದಾಟಿವೆ. ಬೆಂಕಿ, ನೀರು, ನೆಲ, ವಿದ್ಯುತ್ ಹೀಗೆ ಪ್ರತಿ ಜೀವಿಗೂ ಒಂದೋ ಎರಡೋ ವರ್ಗ. ಪ್ರತಿ ವರ್ಗಕ್ಕೂ ತನ್ನದೇ ಬಲ, ಬಲಹೀನತೆ. ಕೈಗೆ ಸಿಕ್ಕ ಜೀವಿಯ ಮೈ ಯಾವುದಕ್ಕಾಗಿ ಆಗಿದೆ ಎಂದು ಅರಿತವನು ಗೆಲ್ಲುತ್ತಾನೆ. ಅರಿಯದವನ ಬಳಿ ಎಷ್ಟು ದೊಡ್ಡ ಜೀವಿ ಇದ್ದರೂ ಸೋಲು ತಪ್ಪುವುದಿಲ್ಲ.

ಬೋಲ್ಟಂಡ್ ವಿದ್ಯುತ್ ವರ್ಗದ್ದು. ಕಾಲಿಗೆ ಕರೆಂಟು ಹರಿಸಿಕೊಂಡು ಮೂರು ದಿನ ನಿಲ್ಲದೆ ಓಡಬಲ್ಲದೆಂದು ಆಟದ ವಿವರಣೆ ಹೇಳುತ್ತದೆ. ಇದರ ಎದುರಿಗೆ ಗ್ಯಾರಡೋಸ್ ಎಂಬ ಭಾರೀ ಜಲಸರ್ಪ ಬಂದಿತೆನ್ನಿ. ಗ್ಯಾರಡೋಸ್‌ನ ವೇಗ 81, ಹಾಗಾಗಿ ಮೊದಲ ಏಟು ನಾಯಿಯದೇ. ಗ್ಯಾರಡೋಸ್ ನೀರಿನ ವರ್ಗವೂ ಹೌದು, ಹಾರುವ ವರ್ಗವೂ ಹೌದು. ಎರಡಕ್ಕೂ ವಿದ್ಯುತ್ ಆಗದು, ಹಾಗಾಗಿ ಏಟಿನ ಪೆಟ್ಟು ನಾಲ್ಕು ಪಟ್ಟು. ಸ್ವಂತ ವರ್ಗದ ಪಟ್ಟು ಹಾಕಿದ್ದಕ್ಕೆ ಅದು ಮತ್ತೆ ಒಂದೂವರೆ ಪಟ್ಟಾಗುತ್ತದೆ. ಮುಕ್ಕಾಲು ಪಾಲು ಆಟ ಅಲ್ಲಿಗೇ ಮುಗಿಯಿತು.

ಅದೇ ನಾಯಿಯ ಎದುರಿಗೆ ಮಣ್ಣು ಕೊರೆಯುವ ಎಕ್ಸ್‌ಕಡ್ರಿಲ್ ಬಂದರೆ ಕಥೆ ಬೇರೆ. ಅದರ ವೇಗ 88 ಮಾತ್ರ. ಆದರೆ ನೆಲದ ವರ್ಗಕ್ಕೆ ವಿದ್ಯುತ್ತಿನ ಏಟು ತಾಗುವುದೇ ಇಲ್ಲ. ತಿರುಗಿ ಅದು ನೆಲ ನಡುಗಿಸಿದರೆ ನಾಯಿಗೆ ಇಮ್ಮಡಿ ಪೆಟ್ಟು. ಆಗ ಓಟದ ಬಲ ಯಾವ ಉಪಯೋಗಕ್ಕೂ ಬಾರದು. ಪಳಗಿದ ಆಟಗಾರ ನಾಯಿಯನ್ನು ತಕ್ಷಣ ಹಿಂದಕ್ಕೆ ಕರೆದು, ನೆಲ ನಡುಗಿದರೂ ಏನೂ ಆಗದ ಹಕ್ಕಿಯನ್ನು ಮುಂದೆ ಬಿಡುತ್ತಾನೆ. ‘ಗದಾಯುದ್ಧ’ ಬರೆದ ರನ್ನನ ಊರಾದ ಮುಧೋಳದ ಜನಕ್ಕೆ ಇದು ಹೊಸ ಪಾಠವೇನಲ್ಲ. ಗದೆ ಹಿಡಿದ ದುರ್ಯೋಧನನ ಎದುರು ನಿಲ್ಲುವುದು ಭೀಮನಿಗೂ ಸುಲಭವಿರಲಿಲ್ಲ. ಕೊನೆಗೆ ಏಟು ಬಿದ್ದದ್ದು ತೊಡೆಗೆ.

ಈಗ ನಿಜದ ನಾಯಿಗೆ ಬರೋಣ. ಮುಧೋಳ ನಾಯಿಯನ್ನು ಪಕ್ಕದಿಂದ ನೋಡಬೇಕು. ಉದ್ದನೆಯ ಕಿರಿದಾದ ತಲೆ, ಎರಡೂ ಬದಿಗೆ ಕಣ್ಣು. ಕುತ್ತಿಗೆ ತಿರುಗಿಸದೆಯೇ ಹೊಲದ ಬಹುಪಾಲು ಅದರ ನೋಟಕ್ಕೆ ಸಿಗುತ್ತದೆ. ಎದೆ ಆಳ, ಹೊಟ್ಟೆ ಬೆನ್ನಿಗೆ ಅಂಟಿದಂತೆ ಮೇಲಕ್ಕೆ ಸೇದಿಕೊಂಡಿರುತ್ತದೆ. ಮೈಮೇಲೆ ಕೊಬ್ಬಿಲ್ಲ, ಚರ್ಮ ತೆಳು, ಕೂದಲು ಗಿಡ್ಡ. ಭರದಿಂದ ಓಡುವಾಗ ಒಂದೊಂದು ದಾಪಿಗೂ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ: ಕಾಲುಗಳೆಲ್ಲ ಹೊಟ್ಟೆಯಡಿ ಕೂಡಿದಾಗ ಒಮ್ಮೆ, ಚಾಚಿದಾಗ ಇನ್ನೊಮ್ಮೆ. ಬೆನ್ನೆಲುಬು ಬಿಲ್ಲಿನ ಹಾಗೆ ಬಾಗಿ ಬಿಚ್ಚಿಕೊಳ್ಳುವುದರಿಂದಲೇ ಆ ಓಟ. ಇದು ಮೂಸಿ ಹುಡುಕುವುದಕ್ಕಿಂತ ಕಣ್ಣಿಟ್ಟು ಬೆನ್ನಟ್ಟುವ ನಾಯಿ. ಮೊಲ ಕದಲಿತೋ, ನಾಯಿ ಬಾಣ.

ಈ ಮೈಯನ್ನು ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದವರು ಬೇಟೆಯನ್ನೇ ನಂಬಿ ಬದುಕಿದ ಬೇಡರು. ಅವರಿಗೆ ಆಯುಧ ಎಷ್ಟು ಮುಖ್ಯವಾಗಿತ್ತೆಂದರೆ, 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆ ಎದ್ದರು, ಗಲ್ಲಿಗೂ ಏರಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳ ಗುಣ ಕಂಡು ತಳಿಯನ್ನು ಜೋಪಾನ ಮಾಡಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂದೂ ಆಗಲೇ ‘ಮುಧೋಳ ಹೌಂಡ್’ ಎಂಬ ಹೆಸರು ನಿಂತಿತೆಂದೂ ಈ ಭಾಗದಲ್ಲಿ ಎಲ್ಲರೂ ಹೇಳುತ್ತಾರೆ. ಬೋಲ್ಟಂಡ್ ಮೊದಲು ಕಾಣಿಸಿಕೊಂಡ 2019ರ ಆಟವೂ ಬ್ರಿಟನ್ನಿನ ಮಾದರಿಯ ಗಾಲಾರ್ ಎಂಬ ನಾಡಿನಲ್ಲೇ ನಡೆಯುತ್ತದೆ. ಅಲ್ಲಿ ಗಿಡ್ಡಕಾಲಿನ ಕಾರ್ಗಿಯಂಥ ಮರಿ ಬೆಳೆದು ಉದ್ದಕಾಲಿನ ಓಟದ ನಾಯಿಯಾಗುತ್ತದೆ.

ಅಂಚೆ ಇಲಾಖೆ 2005ರಲ್ಲಿ ಮುಧೋಳ ನಾಯಿಯ ಚೀಟಿ ತಂದಿತು. 2020ರಲ್ಲಿ ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೊ ಮೊತ್ತಮೊದಲು ನೋಂದಾಯಿಸಿದ ಮೂರು ನಾಯಿ ತಳಿಗಳಲ್ಲಿ ಇದೂ ಒಂದು. ಉಳಿದೆರಡು ತಮಿಳುನಾಡಿನ ರಾಜಪಾಳಯಂ ಮತ್ತು ಚಿಪ್ಪಿಪಾರೈ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಂದ 2016ರಲ್ಲಿ ಆರು ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು.

ನನಗೆ ಎಲ್ಲಕ್ಕಿಂತ ಸರಿ ಅನ್ನಿಸಿದ್ದು ವಾಯುಪಡೆಯ ಯೋಚನೆ. ವಿಮಾನಗಳಿಗೆ ಹಕ್ಕಿ ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು ಆಗ್ರಾ ನೆಲೆಗೆ ಮುಧೋಳ ಮರಿಗಳನ್ನು ಒಯ್ದರು. ಬಟಾಬಯಲು ರನ್‌ವೇ, ದೂರದಲ್ಲಿ ಕದಲುವ ಹಕ್ಕಿ, ಕಂಡ ಕೂಡಲೇ ಓಟ. ಈ ಕೆಲಸಕ್ಕೆ ನಾಯಿಯ ಹುಟ್ಟುಗುಣವೇ ಸಾಕು. ಕಲಿಸಬೇಕಾದ್ದು ಎಲ್ಲಿಗೆ ನಿಲ್ಲಬೇಕು, ಯಾವಾಗ ತಿರುಗಿ ಬರಬೇಕು ಎಂಬುದಷ್ಟೇ.

ಆದರೆ ರಿಯಾಳ ಕಥೆ ಈ ಲೆಕ್ಕವನ್ನು ಸ್ವಲ್ಪ ಅಲ್ಲಾಡಿಸುತ್ತದೆ, ಅದಕ್ಕೇ ಅದು ನನಗೆ ಇಷ್ಟ. ಗಡಿ ಭದ್ರತಾ ಪಡೆಯ ಈ ಮುಧೋಳ ಹೆಣ್ಣುನಾಯಿ 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ, ಲಖನೌದಲ್ಲಿ, 116 ವಿದೇಶಿ ತಳಿಯ ನಾಯಿಗಳನ್ನು ಹಿಂದಿಕ್ಕಿತು. ಗೆದ್ದದ್ದು ಯಾವುದರಲ್ಲಿ? ಜಾಡು ಹಿಡಿಯುವುದರಲ್ಲಿ! ಅದು ಮೂಗಿನ ಕೆಲಸ, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳು ಆಳಿದ ಅಖಾಡ. ಇಡೀ ಕೂಟದ ಶ್ರೇಷ್ಠ ನಾಯಿ ಪಟ್ಟವೂ ಅದಕ್ಕೇ ಬಂತು.

ಆಟದಲ್ಲೂ ಇದಕ್ಕೆ ಜಾಗವಿದೆ. ಬೋಲ್ಟಂಡ್‌ಗೆ ಸ್ವಂತ ವರ್ಗದ್ದಲ್ಲದ ಸೈಕಿಕ್ ಫ್ಯಾಂಗ್ಸ್, ಕ್ರಂಚ್ ಎಂಬ ಕಚ್ಚುವ ಪಟ್ಟುಗಳನ್ನು ಕಲಿಸಬಹುದು. ಸ್ವಂತ ವರ್ಗದ ಒಂದೂವರೆ ಪಟ್ಟು ಅವಕ್ಕೆ ಸಿಗುವುದಿಲ್ಲ. ಆದರೆ ‘ಬಲಿಷ್ಠ ದವಡೆ’ ಎಂಬ ಗುಣವಿರುವ ಬೋಲ್ಟಂಡ್ ಕಚ್ಚಿದರೆ ಬೇರೊಂದು ಒಂದೂವರೆ ಪಟ್ಟು ಸಿಗುತ್ತದೆ. ಬರೀ ವಿದ್ಯುತ್ತನ್ನು ತಡೆಯಲು ಸಿದ್ಧನಾಗಿ ಬಂದ ಎದುರಾಳಿ ಕಕ್ಕಾಬಿಕ್ಕಿಯಾಗುತ್ತಾನೆ. ಯಾವುದು ಸಲೀಸಾಗಿ ಬರುತ್ತದೆ ಎಂಬುದನ್ನಷ್ಟೇ ವರ್ಗ ಹೇಳುತ್ತದೆ. ಉಳಿದದ್ದು ಕಲಿಸುವವನ ತಾಳ್ಮೆ. ರಿಯಾಳ ಹಿಂದೆ ಅಂಥ ತಾಳ್ಮೆಯ ತರಬೇತುದಾರರು ಇದ್ದಿರಲೇಬೇಕು.

ಆ ತಾಳ್ಮೆಯಿಲ್ಲದೆ ನಾಯಿ ಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಸುತ್ತ ತೋಟದ ವಸ್ತಿಗಳಲ್ಲಿ ಹಾಲು-ರೊಟ್ಟಿ ತಿಂದು, ಎರೆ ಹೊಲದಲ್ಲಿ ಮನಸೋಇಚ್ಛೆ ಓಡಿ, ರಾತ್ರಿ ಕಬ್ಬಿನ ಹೊಲಕ್ಕೆ ಹಂದಿ ಬಂದರೆ ಎದ್ದು ಬೊಗಳುವ ನಾಯಿ ಇದು. ಟಿವಿಯಲ್ಲಿ ಸುದ್ದಿಯಾದ ಮೇಲೆ ಇದನ್ನು ನಗರದ ಎರಡು ಕೋಣೆಯ ಫ್ಲ್ಯಾಟಿಗೆ ಒಯ್ದು ಸರಪಳಿಯಲ್ಲಿ ಕಟ್ಟುತ್ತಾರೆ. ಸೋಫಾ ಹರಿದರೆ, ಬಂದವರ ಮೇಲೆ ಎಗರಿದರೆ ನಾಯಿಯನ್ನೇ ಬೈಯುತ್ತಾರೆ. ವೇಗದ ಜೀವಿಯನ್ನು ಅಡ್ಡಗೋಡೆಯಾಗಿ ನಿಲ್ಲಿಸಿ ಸೋಲುವ ಎಳೆಯ ಆಟಗಾರ ಮಾಡುವುದೂ ಇದನ್ನೇ.

ಸಾಕಲೇಬೇಕೆನ್ನುವವರು ಕೆಲವು ಮಾತು ತಿಳಿದಿರಲಿ. ಬೇಲಿ ಇರುವ ಬಯಲಲ್ಲಿ ದಿನಾ ಬಿಡುಓಟ ಬೇಕೇ ಬೇಕು. ರಸ್ತೆ ಬದಿ ಹಗ್ಗ ಬಿಚ್ಚಬಾರದು, ಏಕೆಂದರೆ ಬೆಕ್ಕೊಂದು ಓಡಿತೆಂದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮೈಮೇಲೆ ಮಾಂಸವಿಲ್ಲದ್ದರಿಂದ ಬರಿನೆಲದಲ್ಲಿ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ, ಗೋಣಿಯನ್ನಾದರೂ ಹಾಸಬೇಕು. ಮರಿಯಿದ್ದಾಗಲೇ ಹೊಸ ಜನ, ಹೊಸ ಸದ್ದಿನ ರೂಢಿ ಮಾಡಿಸಬೇಕು. ಇದು ಅಪರಿಚಿತರ ಬಳಿ ಬೇಗ ಸಲಿಗೆ ಬೆಳೆಸುವ ತಳಿಯಲ್ಲ. ಮೊಲದ ಬೇಟೆಗೆ ಬಿಡುವ ಚಪಲ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಮರಿ ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಬಣ್ಣ ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಅದಕ್ಕೆ ಮೊದಲು ತಾಯಿನಾಯಿಯನ್ನು ಒಮ್ಮೆ ಹೊಲಕ್ಕೆ ಬಿಟ್ಟು ತೋರಿಸಿ ಎಂದು ಕೇಳಿ. ಅದು ಓಡುವುದನ್ನು ಕಣ್ಣಾರೆ ನೋಡಿ, ಅಷ್ಟು ಜಾಗ ನಿಮ್ಮಲ್ಲಿ ಇದ್ದರೆ ಮುಂಗಡ ಕೊಡಿ.