ಗವಾನನ ಮದರಸಾ ಮತ್ತು ಬೀದರಿನ ಪರ್ಷಿಯನ್ ಕಟ್ಟಡಗಳು

ಕರ್ನಾಟಕದಲ್ಲಿ ಪರ್ಷಿಯನ್ ವಾಸ್ತುಶೈಲಿಯನ್ನು ಅದರ ಮೂಲರೂಪಕ್ಕೆ ಅತಿ ಹತ್ತಿರವಾಗಿ ಕಾಣಬಹುದಾದ ಊರು ಬೀದರ್. ಮೈಸೂರಿನವರು ನಿತ್ಯ ಕೇಳುವ ಶ್ರೀರಂಗಪಟ್ಟಣದ ಗುಂಬಜ್ ಮತ್ತು ದರಿಯಾ ದೌಲತ್ 18ನೇ ಶತಮಾನದ ಕೊನೆಯವು. ಅವಕ್ಕಿಂತ ಮೂರು ಶತಮಾನ ಮೊದಲೇ ಬೀದರಿನಲ್ಲಿ ಇರಾನಿನಿಂದ ಬಂದ ವಿದ್ವಾಂಸರು, ಲಿಪಿಕಾರರು ನೆಲೆಸಿದ್ದರು.

ಅವರನ್ನು ಕರೆಸಿದವರು ಬಹಮನಿ ಸುಲ್ತಾನರು. 1347ರಲ್ಲಿ ಸ್ಥಾಪನೆಯಾದ ಈ ರಾಜ್ಯದ ರಾಜಧಾನಿ ಮೊದಲು ಕಲಬುರಗಿಯಲ್ಲಿತ್ತು. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ ಅದನ್ನು ಬೀದರಿಗೆ ಸಾಗಿಸಿದ. ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಸಂತ ಶಾ ನಿಮತುಲ್ಲಾ ವಲಿಯ ಮೇಲೆ ಅವನಿಗೆ ಅಪಾರ ಭಕ್ತಿ. ಸಂತನ ಮೊಮ್ಮಗ ಮೊದಲು ಬೀದರಿಗೆ ಬಂದ, ಆಮೇಲೆ ಮಗ ಖಲೀಲುಲ್ಲಾನೂ ಬಂದ. ಬೀದರಿನ ಹತ್ತಿರದ ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಎಂಟು ಮೂಲೆಯ ಚೌಖಂಡಿ ಆ ಖಲೀಲುಲ್ಲಾನ ಸಮಾಧಿ. ಅದರ ಬಾಗಿಲ ಮೇಲಿನ ಕಲ್ಲಿನಲ್ಲಿ ಬಳ್ಳಿಯಂತೆ ಹೆಣೆದುಕೊಂಡ ಅಕ್ಷರಗಳನ್ನು ರೂಪಿಸಿದವನು ಶಿರಾಜಿನ ಲಿಪಿಕಾರ.

ಬೀದರಿನ ಕಟ್ಟಡಗಳಲ್ಲಿ ಮೊದಲ ಸ್ಥಾನ ಮಹಮೂದ್ ಗವಾನನ ಮದರಸಾಕ್ಕೇ ಸಲ್ಲಬೇಕು. ಗವಾನ್ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನ್ ಪ್ರಾಂತದವನು. 1453ರ ಸುಮಾರಿಗೆ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದವನು, ಮುಂದೆ ಬಹಮನಿಗಳ ಪ್ರಧಾನಿಯಾದ. ವ್ಯಾಪಾರ, ಯುದ್ಧ, ಆಡಳಿತ ಎಲ್ಲದರಲ್ಲೂ ಪಳಗಿದ್ದರೂ ಅವನ ಮನಸ್ಸು ಪುಸ್ತಕಗಳಲ್ಲಿತ್ತು. ಹೆರಾತಿನ ಮಹಾಕವಿ ಜಾಮಿಯೊಡನೆ ಅವನ ಪತ್ರವ್ಯವಹಾರ ನಡೆದಿತ್ತು. 1472ರಲ್ಲಿ ಅವನು ಕಟ್ಟಿಸಿದ ವಿದ್ಯಾಲಯದ ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ.

ಕಟ್ಟಡದ ನಕ್ಷೆ ಸಮರ್ಖಂಡ ಮತ್ತು ಖುರಾಸಾನಿನ ಮದರಸಾಗಳದೇ. ನಡುವೆ ಚೌಕಾಕಾರದ ಅಂಗಳ, ಅದರ ನಾಲ್ಕೂ ಬದಿಯ ಮಧ್ಯದಲ್ಲಿ ಅಂಗಳಕ್ಕೆ ತೆರೆದ ಎತ್ತರದ ಕಮಾನಿನ ಹಜಾರ. ಇಂಥ ಹಜಾರಕ್ಕೆ ಐವಾನ್ ಎಂದು ಹೆಸರು. ಹಜಾರಗಳ ಇಕ್ಕೆಲದಲ್ಲಿ ಮೂರು ಅಂತಸ್ತುಗಳಲ್ಲಿ ವಿದ್ಯಾರ್ಥಿಗಳಿಗೂ ಗುರುಗಳಿಗೂ ವಾಸದ ಕೋಣೆಗಳು. ಪ್ರತಿ ಕೋಣೆಗೂ ಗಾಳಿ ಬೆಳಕು ಸಿಗುವಂತೆ ಕಿಂಡಿ ಕಿಟಕಿಗಳನ್ನು ಇಟ್ಟಿರುವುದನ್ನು ನೋಡಿದರೆ, ಓದುವವರ ಅನುಕೂಲವನ್ನೇ ಮುಂದಿಟ್ಟುಕೊಂಡು ಕಟ್ಟಿದ್ದು ತಿಳಿಯುತ್ತದೆ.

ಪೂರ್ವದ ಮುಖಭಾಗದ ಎರಡು ತುದಿಗಳಲ್ಲಿ ಎರಡು ಮಿನಾರುಗಳಿದ್ದವು. ಈಗ ಉಳಿದಿರುವುದು ಉತ್ತರದ ಒಂದೇ. ಎತ್ತರ ಸುಮಾರು 40 ಮೀಟರ್. ಅದರ ಮೈತುಂಬ ಅಂಕುಡೊಂಕಾಗಿ ಏರುವ ಬಣ್ಣದ ಪಟ್ಟೆಗಳು. ಇವು ಬಳಿದ ಬಣ್ಣವಲ್ಲ, ಗಾಜಿನ ಲೇಪ ಕೊಟ್ಟು ಸುಟ್ಟ ಹೆಂಚಿನ ಬಿಲ್ಲೆಗಳು. ಕೋಬಾಲ್ಟ್ ಬೆರೆತ ಲೇಪ ಕಡುನೀಲಿಯಾಗುತ್ತದೆ, ತಾಮ್ರ ಬೆರೆತದ್ದು ಹಸಿರುಛಾಯೆಗೆ ತಿರುಗುತ್ತದೆ. ಬಿಲ್ಲೆಗಳನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಸುಣ್ಣದ ಗಾರೆಯಲ್ಲಿ ಕೂರಿಸಿದ್ದಾರೆ. ಮೇಲಿನ ಅಕ್ಷರಪಟ್ಟಿಯಲ್ಲಿ ನೀಲಿಯ ಮೇಲೆ ಬಿಳಿ ಅಕ್ಷರಗಳು. ಗೋಡೆಯೊಳಗೆ ಮಳೆನೀರು ಇಳಿದರೆ ಗಾರೆ ಸಡಿಲವಾಗುತ್ತದೆ, ಬಿಲ್ಲೆ ಕಳಚಿ ಬೀಳುತ್ತದೆ. ಮುಖಭಾಗದ ಬಹುಪಾಲು ಬೋಳಾಗಿ ಕಾಣುತ್ತಿದ್ದರೂ ಉಳಿದ ತುಣುಕುಗಳ ಹೊಳಪು ಮಾಸಿಲ್ಲ.

ಗವಾನನ ಅಂತ್ಯ ದಾರುಣವಾದದ್ದು. ಹೊರಗಿನಿಂದ ಬಂದ ಅಫಾಕಿಗಳಿಗೂ ಸ್ಥಳೀಯ ದಖನಿ ಸರದಾರರಿಗೂ ಇದ್ದ ವೈಷಮ್ಯದಲ್ಲಿ, ಅವನ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ರಾಜದ್ರೋಹದ ಪತ್ರ ಸೃಷ್ಟಿಸಲಾಯಿತು. ಸುಲ್ತಾನ ವಿಚಾರಿಸದೆ 1481ರ ಏಪ್ರಿಲಿನಲ್ಲಿ ಎಪ್ಪತ್ತರ ಆ ವೃದ್ಧನನ್ನು ಕೊಲ್ಲಿಸಿದ. ಮದರಸಾಕ್ಕೂ ಗಂಡಾಂತರ ತಪ್ಪಲಿಲ್ಲ. ಮೊಗಲರ ಕಾಲದಲ್ಲಿ, 17ನೇ ಶತಮಾನದ ಕೊನೆಗೆ, ಅಲ್ಲಿ ಇಟ್ಟಿದ್ದ ಮದ್ದಿನಪುಡಿ ಸಿಡಿದು ಒಂದು ಮಿನಾರೂ ಮುಖಭಾಗದ ದಕ್ಷಿಣದ ಪಾಲೂ ಕುಸಿದವು.

ಬೀದರ್ ಕೋಟೆಯೊಳಗಿನ ತಖ್ತ್ ಮಹಲ್ ಅರಮನೆಯ ಕಮಾನಿನ ಮೇಲೆ ಹುಲಿಯ ಬೆನ್ನ ಹಿಂದೆ ಉದಯಿಸುವ ಸೂರ್ಯನ ಲಾಂಛನವಿದೆ. ಇರಾನಿನ ಸಿಂಹ-ಸೂರ್ಯ ಚಿಹ್ನೆ ಇಲ್ಲಿ ಹುಲಿಯಾಗಿದೆ. 16ನೇ ಶತಮಾನದಲ್ಲಿ, ಬಹಮನಿಗಳ ನಂತರ ಬೀದರನ್ನು ಆಳಿದ ಅಲಿ ಬರೀದ್ ಹೊಸದಾಗಿ ಕಟ್ಟಿಸಿದ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸವೂ ದಖನಿ ಬಡಗಿಗಳ ಮರದ ಕೆತ್ತನೆಯೂ ಒಂದೇ ಸೂರಿನಡಿ ಇವೆ.

ಪರ್ಷಿಯನ್ ಜ್ಞಾನ ನೆಲದಡಿಗೂ ಇಳಿಯಿತು. ಬೀದರಿನ ಹತ್ತಿರದ ನೌಬಾದಿನ ಕರೇಜ್ ಎಂಬ ನೀರಿನ ಸುರಂಗಮಾರ್ಗ ಎರಡು ಕಿಲೋಮೀಟರಿಗಿಂತಲೂ ಉದ್ದ. ಬೀದರಿನ ಪ್ರಸ್ಥಭೂಮಿಯ ಮೇಲ್ಪದರ ನೀರು ಹೀರುವ ಜಂಬಿಟ್ಟಿಗೆ, ಕೆಳಗಿನದು ನೀರು ಬಿಡದ ಕರಿಕಲ್ಲು. ಇವೆರಡರ ನಡುವೆ ಜಿನುಗುವ ನೀರನ್ನು ಸುರಂಗ ತನ್ನ ಇಳಿಜಾರಿನಲ್ಲೇ ಹೊರಕ್ಕೆ ತರುತ್ತಿತ್ತು. ಎತ್ತುವ ಯಂತ್ರ ಬೇಕಿರಲಿಲ್ಲ. ನಡುನಡುವೆ ಬಾವಿಯಂತೆ ಕೊರೆದ ಕಿಂಡಿಗಳು ಗಾಳಿಗೂ ಹೂಳೆತ್ತುವುದಕ್ಕೂ ಒದಗುತ್ತಿದ್ದವು.

ಅಷ್ಟೂರಿನಲ್ಲಿ ಅಹ್ಮದ್ ಶಾನ ಗೋರಿಯಿದೆ. ಗುಮ್ಮಟದ ಒಳಮೈಯಲ್ಲಿ ಚಿನ್ನದ ಬಣ್ಣ, ಕೆಂಪು, ನೀಲಿಗಳಲ್ಲಿ ಪರ್ಷಿಯನ್ ರತ್ನಗಂಬಳಿ ಮತ್ತು ಹಸ್ತಪ್ರತಿಗಳ ಚಿತ್ತಾರ. ಇಲ್ಲಿ ಮಲಗಿದವನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಎಂದು ಪೂಜಿಸುತ್ತಾರೆ. ಹೋಳಿಯ ಸುಮಾರಿಗೆ ನಡೆಯುವ ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ಬಂದು ಶಂಖ ಊದಿದ ಮೇಲೆಯೇ ಉತ್ಸವ ಆರಂಭವಾಗುವುದು ರೂಢಿ.